ಲಾಲ್‌ಬಾಗಿನ ಬಾಗಿಲಲ್ಲಿ ಬೂದುಗುಂಬಳದ ರಸ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹಕ್ಕಿಗಳಿಗಿಂತ ಮೊದಲೇ ಎಚ್ಚರಗೊಳ್ಳುವವರು ಸಕ್ಕರೆ ಕಾಯಿಲೆಯವರು. ಕೆಂಪೇಗೌಡರ ಗೋಪುರವನ್ನು ಹೊತ್ತ ಹೆಬ್ಬಂಡೆಯನ್ನು ಬಳಸಿ, ಕೆರೆಯ ದಡದಲ್ಲಿ ನಡೆದು, 1889ರಲ್ಲಿ ಅಡಿಗಲ್ಲು ಕಂಡ ಗಾಜಿನಮನೆಯ ಮುಂದೆ ಕೈಕಾಲು ಬೀಸಿ ಅವರು ಹೊರಬರುವ ವೇಳೆಗೆ ಬಾಗಿಲ ಬಳಿ ರಸ ಮಾರುವವರು ಸಿದ್ಧರಾಗಿರುತ್ತಾರೆ. ಬೂದುಗುಂಬಳ, ಹಾಗಲ, ಕ್ಯಾರೆಟ್, ಬಾಳೆದಿಂಡು—ಬೇಡಿದವರಿಗೆ ಬೇಡಿದ್ದು. ಮಹಾನವಮಿಯಂದು ನಡುಬೀದಿಯಲ್ಲಿ ಒಡೆಸಿಕೊಳ್ಳುತ್ತಿದ್ದ ಬೂದುಗುಂಬಳಕ್ಕೆ ಈಗ ಗಾಜಿನ ಲೋಟದ ಗೌರವ!

ತರಕಾರಿಗೂ ಈ ತೋಟಕ್ಕೂ ಹಳೆಯ ನಂಟು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟವನ್ನು 1874ರಿಂದ 1908ರವರೆಗೆ ನೋಡಿಕೊಂಡ ಜಾನ್ ಕ್ಯಾಮರಾನ್ ಸೀಮೆಬದನೆಯನ್ನು ಇಲ್ಲಿಗೆ ತಂದನು. ತಮಿಳರು ಅದನ್ನು ಇಂದಿಗೂ ಬೆಂಗಳೂರು ಕತ್ತರಿಕ್ಕಾಯ್ ಎನ್ನುತ್ತಾರೆ. ಆದರೆ ರಸದ ಪಂಕ್ತಿಯಲ್ಲಿ ಅದಕ್ಕೆ ಸ್ಥಳ ದೊರೆತಂತಿಲ್ಲ. ಹುಳಿಯೇ ಅದರ ಸದ್ಗತಿ.

ಆರೋಗ್ಯವಂತರು ನಿಂತಲ್ಲೇ ಒಂದು ಲೋಟ ಕುಡಿದು ಹೋದರೆ ಚಿಂತೆಯಿಲ್ಲ. ಮನೆಯಲ್ಲಿ ಮಲಗಿರುವವರಿಗೆಂದು ಸೀಸೆ ಹಿಡಿದು ಬರುವವರು ಮಾತ್ರ ಯೋಚಿಸಬೇಕು. ಬೀದಿಯ ನೀರು, ಬೀದಿಯ ಧೂಳು ನಿಶ್ಶಕ್ತರಿಗೆ ಹಿತವಲ್ಲ; ಹಿಂಡಿಟ್ಟ ರಸದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಪಶ್ಚಿಮದ ಬಾಗಿಲಿನಿಂದ ಗಾಂಧಿಬಜಾರು ದೂರವಿಲ್ಲ. ಅಲ್ಲಿ ಗಟ್ಟಿಯಾದ ಕಾಯಿ ಕೊಂಡು, ಮನೆಯಲ್ಲಿ ಚೆನ್ನಾಗಿ ತೊಳೆದು, ಸಿಪ್ಪೆ ಬೀಜ ತೆಗೆದು, ತುರಿದು, ತೆಳುವಾದ ಶುಭ್ರ ಬಟ್ಟೆಯಲ್ಲಿ ಹಿಂಡಿದರೆ ರಸ ಸಿದ್ಧ. ಯಂತ್ರವೇ ಬೇಕೆಂದಿಲ್ಲ. ಅರ್ಧ ಲೋಟ ಸಾಕು, ಹಿಂಡಿದೊಡನೆ ಕುಡಿಸಬೇಕು. ಅರ್ಬುದದ ಚಿಕಿತ್ಸೆಯಿಂದ ದೇಹಬಲ ಕುಗ್ಗಿದವರಿಗೆ ಹಸಿಯ ರಸಕ್ಕಿಂತ ತರಕಾರಿಯನ್ನು ಬೇಯಿಸಿ ಸೋಸಿದ ಸಾರು ಲೇಸು.

ಸೋರೆಕಾಯಿಯಾದರೆ ಹಿಂಡುವ ಮೊದಲೇ ಒಂದು ಚೂರನ್ನು ನಾಲಗೆಯ ಮೇಲಿಟ್ಟು ನೋಡುವುದು ಅವಶ್ಯ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯತಕ್ಕದ್ದು. ಔಷಧವೆಂದ ಮೇಲೆ ಕಹಿಯಿರಲೇಬೇಕೆಂದು ಕಣ್ಣುಮುಚ್ಚಿ ನುಂಗುವವರುಂಟು, ಅಪಾಯವಿರುವುದು ಅಲ್ಲಿಯೇ. ಹಾಗಲದ ಕಹಿ ಬೇರೆ, ಸೋರೆಯ ಕಹಿ ಬೇರೆ. ಕುಕುರ್ಬಿಟಾಸಿನ್ ಎಂಬ ಆ ವಿಷದಿಂದ ವಾಂತಿ, ಭೇದಿ, ಜಠರದ ರಕ್ತಸ್ರಾವ ಉಂಟಾಗುತ್ತವೆ, ಅದಕ್ಕೆ ಪ್ರತ್ಯೌಷಧವಿಲ್ಲ. ನಮ್ಮ ದೇಶದಲ್ಲಿ ಇದರಿಂದ ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನು ನೇಮಿಸಿತು. 2012ರಲ್ಲಿ ಪ್ರಕಟವಾದ ಅದರ ವರದಿಯೂ ಕಹಿ ಸೋರೆಯ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿತು.

ಒಬ್ಬರ ಪಥ್ಯ ಇನ್ನೊಬ್ಬರಿಗೆ ಅಪಥ್ಯವಾಗುವುದೂ ಉಂಟು. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ತರಕಾರಿ ರಸದ ಪೊಟ್ಯಾಸಿಯಂ ಶೇಖರವಾಗಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಅದರ ಮೇಲೆ ಹಾಗಲದ ರಸವನ್ನೂ ಕುಡಿದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ವೈದ್ಯರನ್ನು ಕೇಳದೆ ಲೋಟ ಎತ್ತಬಾರದು; ರಸ ಬಂದಿತೆಂದು ಅವರ ಔಷಧವನ್ನು ಬಿಡಲೂಬಾರದು.

ಬಟ್ಟೆಯಲ್ಲಿ ಉಳಿದ ತುರಿಯನ್ನು ಚೆಲ್ಲುವ ಕಾರಣವಿಲ್ಲ. ನಾರೆಲ್ಲ ಅದರಲ್ಲಿಯೇ ಇರುತ್ತದೆ. ಬೂದುಗುಂಬಳದ ತುರಿ ದೋಸೆಹಿಟ್ಟಿಗೆ ಸೇರಿದರೆ ದೋಸೆ ಮೆತ್ತಗಾಗುತ್ತದೆ; ರೋಗಿಗೆ ರಸ, ಉಳಿದವರಿಗೆ ದೋಸೆ.