ಕ್ಯಾಮರಾ ಕಾಣದ ಕ್ಯಾಸನೂರು

ಪರದೇಶದಲ್ಲಿ ಕನ್ನಡ ಕಲಿಸುವವನಿಗೆ ತಾಯ್ನಾಡಿನ ಛಾಯಾಚಿತ್ರವೂ ಒಂದು ಪಾಠವೇ. ಪ್ರೊಫೆಸರ್ ಬಿ. ಎ. ವಿವೇಕ ರೈಯವರು ಕನ್ನಡ ಕಲಿಸಿದ ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿಯೇ, 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣದಿಂದ ಪತ್ನಿಯ ಕೈಯೆಲುಬುಗಳ ಚಿತ್ರ ತೆಗೆದನು; ಬರಿಗಣ್ಣಿಗೆ ಕಾಣದುದು ಕಂಡಿತು.

ಸಾಮಾನ್ಯ ಕ್ಯಾಮರಾಕ್ಕೆ ಆ ಶಕ್ತಿಯಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಚಿತ್ರ ತೆಗೆದರೆ ಹಸಿರು ಕಾಡಷ್ಟೇ ಕಂಡೀತು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆ-ಸೊಪ್ಪಿಗೆ ಹೋದವರು ಜ್ವರದಿಂದ ನರಳಿದರು. ರೋಗವನ್ನು ಹರಡಿದುದು ತರಗೆಲೆಯ ನಡುವಣ ಉಣುಗು. ಜನ ಅದನ್ನು ಮಂಗನ ಕಾಯಿಲೆ ಎಂದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಊರಿನ ಹೆಸರೇ ರೋಗದ ಹೆಸರಾಯಿತು.

ಚಿತ್ರದ ಕೆಳಗೆ ಇಷ್ಟನ್ನು ಬರೆಯದಿದ್ದರೆ, ಆ ಕಾಡನ್ನೇ ನಂಬಿ ಬದುಕುವವರ ಪಾಡು ದೂರದ ವಿದ್ಯಾರ್ಥಿಗೆ ಕಾಣದು.