ಸೂರಿನ ನೀರು

ಹಾಸನ ಜಿಲ್ಲೆಯಲ್ಲಿ ಸಂಬಂಧ ಬೆಳೆಸುವವರು ಜಾತಕದ ಜೊತೆಗೆ ಮಳೆಯ ಲೆಕ್ಕವನ್ನೂ ತಾಳೆ ನೋಡುವುದು ಒಳ್ಳೆಯದು. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಅದರ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ನಮ್ಮಮ್ಮ ಚನ್ನರಾಯಪಟ್ಟಣ ಸೀಮೆಯವಳು, ಮುಖ ತೊಳೆದ ನೀರನ್ನೂ ತೆಂಗಿನ ಬುಡ ನೋಡಿ ಚೆಲ್ಲುವ ಮನೆಯ ಮಗಳು. ಕೊಟ್ಟಿದ್ದು ಹೊಳೆನರಸೀಪುರಕ್ಕೆ, ಹೇಮಾವತಿಯ ಮಗ್ಗುಲಿಗೆ.

ಮೋಡ ಕಟ್ಟಿದರೆ ಸಾಕು, ಹಂಡೆ, ಕೊಳಗ, ಬಕೆಟ್ಟು, ಕೊನೆಗೆ ದೋಸೆಹಿಟ್ಟಿನ ಪಾತ್ರೆಯೂ ಖಾಲಿಯಾಗಿ ಸೂರಿನಡಿ ಸಾಲುಗಟ್ಟುತ್ತಿದ್ದವು. ಮೊದಲು ಟಣ್ ಟಣ್ ಎನ್ನುತ್ತಿದ್ದ ಹಂಡೆ, ತುಂಬುತ್ತ ಬಂದ ಹಾಗೆ ಬುಳುಬುಳು ಎಂದು ದನಿ ತಗ್ಗಿಸುತ್ತಿತ್ತು. ಅಮ್ಮ ಒಲೆಯ ಮುಂದಿನಿಂದ ಏಳದೆಯೇ, "ಹೋಗೋ, ಕೊಳಗ ತುಂಬ್ತು, ಬಕೆಟ್ ಇಡು" ಅನ್ನುವಳು. ಹೋಗಿ ನೋಡಿದರೆ ಕೊಳಗವೇ ತುಂಬಿರುತ್ತಿತ್ತು.

"ಹೊಳೆ ಪಕ್ಕದಲ್ಲೇ ಬಿದ್ದಿದೆ, ಇವಳು ಸೂರು ಹಿಂಡ್ತಾ ಇದಾಳೆ" ಎಂದು ಅಪ್ಪ ಬಂದವರ ಮುಂದೆಲ್ಲ ಹಂಗಿಸುತ್ತಿದ್ದರು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಮುಂದೆ ಎಡದಂಡೆ ನಾಲೆ ಹೇಮಾವತಿಯನ್ನು ಚನ್ನರಾಯಪಟ್ಟಣದ ಕಡೆಗೆ, ಬಾಗೂರು–ನವಿಲೆಯ ಸುರಂಗ ದಾಟಿಸಿ ತುಮಕೂರಿನತ್ತ ಕರೆದೊಯ್ದಿತು. ಅಮ್ಮ ಅದಕ್ಕೆ ಸುಮ್ಮನಿರುತ್ತಾಳೆಯೇ? "ನಿಮ್ಮ ಹೊಳೆ ನನ್ನ ತವರಿಗೆ ಹೊರಟಿತು, ನೀವು ಮಾತ್ರ ಒಂದು ಹಬ್ಬಕ್ಕೂ ಬರಲ್ಲ" ಎಂದಳು. ಅಪ್ಪನ ಬಾಯಿ ಅಷ್ಟು ಚೆನ್ನಾಗಿ ಮುಚ್ಚಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ.

ಈಗ ಅವರಿಬ್ಬರೂ ಇಲ್ಲ. ನನ್ನದು ಹಾಸನದಲ್ಲಿ ತಾರಸಿಯ ಮನೆ. ತಾರಸಿಗೆ ಸೂರೆಲ್ಲಿಂದ ಬರಬೇಕು? ನೀರೆಲ್ಲ ಒಂದೇ ಪೈಪಿನಲ್ಲಿ ಗುಟ್ಟಾಗಿ ಚರಂಡಿ ಸೇರುತ್ತದೆ. ಪೈಪಿನೊಳಗೆ ಅದು ಇಳಿಯುವ ಸದ್ದಿಗೆ ರಾತ್ರಿ ನಿದ್ದೆ ಬಾರದಿರುವುದು ತಾಯಿಯ ಕಡೆಯಿಂದ ಬಂದ ರೋಗ. ಕೊನೆಗೆ ಗುಜರಿ ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ಮು ತಂದೆ. ಹಿಂದಿನ ಜನ್ಮದಲ್ಲಿ ಅದು ಉಪ್ಪಿನಕಾಯಿಯದು. ಎಷ್ಟು ಉಜ್ಜಿದರೂ ಹಿಂಗಿನ ವಾಸನೆ ಬಿಡಲಿಲ್ಲ. ಗುಲಾಬಿ ಗಿಡಕ್ಕೆ ಊಟ ರುಚಿಸಲಿ ಎಂದು ಬಿಟ್ಟೆ.

ಕೆಲಸಕ್ಕೆ ಅರಕಲಗೂಡಿನಿಂದ ಭಾವ ಬಂದರು. ಹೊಗೆಸೊಪ್ಪಿನ ಬೆಳೆಗಾರರು. ರಾಮನಾಥಪುರದ ಹರಾಜಿನಲ್ಲಿ ಸೊಪ್ಪಿನ ಬೇಲಿನ ಮುಂದೆ ನಿಲ್ಲುವ ಗಾಂಭೀರ್ಯದಲ್ಲೇ ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ತುಂಬಿದ ಮೇಲೆ ಇದು ಎರಡು ಕ್ವಿಂಟಾಲು. ಮಣ್ಣಿನ ಮೇಲಿಟ್ಟರೆ ವಾಲುತ್ತೆ" ಎಂದು ಸೈಜುಗಲ್ಲು ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿಸಿದರು. ಕಟ್ಟೆಯಿದ್ದರೆ ನಲ್ಲಿಯ ಕೆಳಗೆ ಬಿಂದಿಗೆಯೂ ಹಿಡಿಯುತ್ತದೆ. ಕಾಯಿಸಿದ ಕಬ್ಬಿಣದ ಸರಳಿನಿಂದ, ತಳಕ್ಕಿಂತ ನಾಲ್ಕು ಬೆರಳು ಮೇಲೆ ತೂತು ತೆಗೆದೆವು. ಕೆಳಗೆ ಕೂರುವ ಗಸಿ ನಲ್ಲಿಗೆ ಬರಬಾರದಲ್ಲ. ಒಳಗೊಂದು ಹೊರಗೊಂದು ವಾಷರ್ ಕೊಟ್ಟು ನಲ್ಲಿ ಬಿಗಿದೆವು. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಎಳೆದು ಟ್ಯೂಬಿನಿಂದ ಕಟ್ಟಿದ್ದು ನನ್ನ ಹೆಂಡತಿ. ತಿಳಿನೀರು ವಾರ ಹತ್ತು ದಿನ ತೆರೆದಿದ್ದರೆ ಡೆಂಗಿ ಸೊಳ್ಳೆಯ ಸಂಸಾರ ಅದರಲ್ಲೇ ಕೈಗೂಡುತ್ತದೆ. ಮೊದಲ ಮಳೆಯ ನೀರನ್ನು ಹಿಡಿಯಲಿಲ್ಲ. ಬೇಸಿಗೆಯುದ್ದಕ್ಕೂ ತಾರಸಿಯ ಮೇಲೆ ಪಾರಿವಾಳಗಳು ಮಾಡಿದ್ದೆಲ್ಲ ಅದರಲ್ಲೇ ಬರುತ್ತದೆ.

ಆರಿದ್ರಾ ಮಳೆ ಹಿಡಿಯಿತು. ಡ್ರಮ್ಮು ಪ್ಲಾಸ್ಟಿಕ್ಕಿನದು, ಟಣ್ ಎನ್ನುವ ವಿದ್ಯೆ ಅದಕ್ಕಿಲ್ಲ. ದೊಬದೊಬ ಎಂದಷ್ಟೇ ಎಂದು, ಕಾಫಿ ಕುಡಿದು ಲೋಟ ಇಡುವುದರೊಳಗೆ ತುಂಬಿ, ಹೆಚ್ಚಾದ ನೀರು ಹೋಗಲೆಂದು ಬಿಟ್ಟಿದ್ದ ಮೇಲಿನ ಪೈಪಿನಿಂದ ಹೊರಗೆ ಸುರಿಯತೊಡಗಿತು. ಹೆಮ್ಮೆಯಿಂದ ಭಾವನಿಗೆ ಫೋನ್ ಮಾಡಿದೆ.

"ತಾರಸಿ ಎಷ್ಟು ಚದರ?"

"ಹತ್ತು."

"ಒಂದು ಸೆಂಟಿಮೀಟರ್ ಮಳೆ ಬಂದರೆ ಒಂಬೈನೂರು ಲೀಟರಿನ ಮೇಲಾಯ್ತು. ನೀನು ಹಿಡಿದಿದ್ದು ಇನ್ನೂರು. ಮಿಕ್ಕಿದ್ದು ಚರಂಡಿಗೇನೋ?"

ಪಕ್ಕದಲ್ಲಿದ್ದ ಹೆಂಡತಿ ಫೋನು ಕಿತ್ತುಕೊಂಡಳು. "ಅಣ್ಣ, ಇನ್ನೊಂದು ಡ್ರಮ್ಮು ಬಂದರೆ ನನ್ನ ಸ್ಕೂಟರು ಬೀದಿಯಲ್ಲಿ ನಿಲ್ಲಬೇಕಾಗುತ್ತೆ."

"ನಿಲ್ಲಲಿ ಬಿಡಮ್ಮ," ಎಂದರು ಭಾವ, "ಸೀಟಿಗೊಂದು ಪ್ಲಾಸ್ಟಿಕ್ ಕವರ್ ಕಟ್ಟು. ಇವತ್ತೇ ಹೋದರೆ ಗುಜರಿಯವನು ಜೋಡಿಗೆ ರೇಟು ಕಡಿಮೆ ಮಾಡ್ತಾನೆ."