ಈಜಿನ ಪಾಠ

ಮೀನಿನ ಮರಿಗೆ ಈಜು ಕಲಿಸಬೇಕೆ ಎಂದು ಹಿರಿಯರು ಕೇಳುವುದುಂಟು. ಮೀನಿನ ಮಾತಿರಲಿ, ಎಮ್ಮೆಯ ಕರುವಿಗೂ ನಾಯಿಮರಿಗೂ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕೆರೆಗಿಳಿದ ಕರು ಮೂಗನ್ನು ಮೇಲೆತ್ತಿಕೊಂಡು ತಾಯಿಯ ಹಿಂದೆ ತಾನಾಗಿಯೇ ಸಾಗುತ್ತದೆ. ಮನುಷ್ಯನ ಮಗುವಿಗೆ ಮಾತ್ರ ಈ ವಿದ್ಯೆ ಹುಟ್ಟಿನೊಡನೆ ಬರುವುದಿಲ್ಲ. ಬಲ್ಲವರೊಬ್ಬರು ಕೈಹಿಡಿದು ಕಲಿಸಬೇಕು.

ಬಯಲುಸೀಮೆಯ ಹಳ್ಳಿಗಳಲ್ಲಿ ಈ ವಿದ್ಯೆಗೆ ತೋಟದ ಬಾವಿಯೇ ಪಾಠಶಾಲೆಯಾಗಿತ್ತು. ಬೇಸಿಗೆಯ ರಜೆ ಬಂತೆಂದರೆ ಮಕ್ಕಳು ಅಜ್ಜಿಯ ಮನೆಯನ್ನು ಸೇರುವರು. ಸೋದರಮಾವನೋ ಊರಿನ ಹಿರಿಯನೋ ಗುರುವಾಗುವನು. ಬೆನ್ನಿಗೆ ಕಟ್ಟುವ ಬೆಂಡು, ಒಣಗಿದ ಸೋರೆಬುರುಡೆ, ಬಾಳೆಯ ದಿಂಡು, ಒಂದು ಹಗ್ಗ - ಇಷ್ಟೇ ಉಪಕರಣಗಳು. ಶುಲ್ಕವಿಲ್ಲ, ತಪ್ಪಿದರೆ ಮೂಗಿಗೆ ನುಗ್ಗುವ ನೀರೇ ದಂಡನೆ. ಆದರೆ ಆ ಶಾಲೆಗೆ ಬಹುಕಾಲ ಹೆಚ್ಚಾಗಿ ಗಂಡುಮಕ್ಕಳಿಗೇ ಪ್ರವೇಶವಿತ್ತು. ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ಅದೇ ಮೆಟ್ಟಿಲುಗಳನ್ನು ದಿನಕ್ಕೆ ಹಲವು ಸಲ ಇಳಿದು ಹತ್ತುತ್ತಿದ್ದರು. ನೀರಿಗೆ ಅಷ್ಟು ಸಮೀಪದಲ್ಲಿದ್ದವರಿಗೇ ನೀರಿನ ವಿದ್ಯೆ ದೊರೆಯಲಿಲ್ಲ.

ತುಮಕೂರು ಸೀಮೆಯ ಹಳ್ಳಿಯೊಂದರಲ್ಲಿ ಅಂತಹ ಬಾವಿಗೆ ಒಂದು ಬೇಸಿಗೆಯಲ್ಲಿ ಅಣ್ಣ ತಂಗಿಯರಿಬ್ಬರು ಇಳಿದರು. ಅಣ್ಣನಿಗೆ ಹನ್ನೊಂದು ವರ್ಷ, ತಂಗಿಗೆ ಎಂಟು. "ಹೆಣ್ಣುಮಗುವಿಗೆ ಇದೆಲ್ಲ ಏಕಪ್ಪ?" ಎಂದು ಅಜ್ಜಿ ಆಕ್ಷೇಪಿಸಿದಳು. "ನೀರು ಗಂಡು ಹೆಣ್ಣು ಎಂದು ನೋಡಿ ಮುಳುಗಿಸುತ್ತದೆಯೇನಮ್ಮ?" ಎಂದು ಕೇಳಿದ ಮಾವ, ಎರಡು ಬೆಂಡುಗಳನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟನು.

ಅಣ್ಣನಿಗೆ ಧೈರ್ಯ ಹೆಚ್ಚು. ಹೇಳಿದ್ದನ್ನು ಕೇಳುವ ಮೊದಲೇ ಧುಮುಕಿದನು, ಕೈಕಾಲುಗಳನ್ನು ಬಡಿದನು, ಬಡಿದಷ್ಟೂ ಮುಳುಗಿದನು. ತಂಗಿಯಾದರೋ ಕೊನೆಯ ಮೆಟ್ಟಿಲಿನಲ್ಲಿ ಕುಳಿತು, "ಬೇಡ ಮಾವ, ನನಗೆ ಹೆದರಿಕೆ" ಎಂದು ಕಲ್ಲನ್ನು ತಬ್ಬಿಕೊಂಡಳು. ಮಾವ ಒಬ್ಬನನ್ನು ಹೊಗಳಲಿಲ್ಲ, ಇನ್ನೊಬ್ಬಳನ್ನು ಗದರಿಸಲಿಲ್ಲ. "ಹೆದರಿಕೆ ಇರಲಿ ಕೂಸೇ. ಹೆದರಿಕೆ ಇದ್ದವರು ಹೇಳಿದ ಮಾತು ಕೇಳುತ್ತಾರೆ. ಉಸಿರು ತುಂಬಿಕೊಂಡು ಅಂಗಾತ ಮಲಗು, ನನ್ನ ಕೈ ನಿನ್ನ ಬೆನ್ನಿನ ಕೆಳಗಿರುತ್ತದೆ" ಎಂದನು.

ಮಾವನ ಮಾತಿನಲ್ಲಿ ದೊಡ್ಡದೊಂದು ವಿಜ್ಞಾನವೇ ಅಡಗಿತ್ತು. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ ಎಂದು ಆರ್ಕಿಮಿಡೀಸನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತಿಳಿಸಿದನು. ಮನುಷ್ಯನ ದೇಹ ನೀರಿಗೆ ಹೆಚ್ಚುಕಡಿಮೆ ಸಮತೂಕದ್ದು. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ಸಾಮಾನ್ಯವಾಗಿ ತೇಲುತ್ತದೆ. ಗಾಳಿ ಹೊರಟರೆ ತಗ್ಗುತ್ತದೆ. ಗಾಬರಿಯಿಂದ ಕೈಗಳನ್ನು ನೀರಿನಿಂದ ಮೇಲೆತ್ತಿದರೆ, ಆ ಕೈಗಳ ಭಾರವೇ ತಲೆಯನ್ನು ಕೆಳಗೆ ತಳ್ಳುತ್ತದೆ. ಎಂಟು ವರ್ಷದ ಹುಡುಗಿಗೆ ಈ ಸೂತ್ರ ತಿಳಿದಿರಲಿಲ್ಲ. ಆದರೂ ಆರನೆಯ ದಿನ ಅವಳು ಕಣ್ಣು ತೆರೆದು ನೋಡಿದಾಗ ಬೆನ್ನಿನ ಕೆಳಗೆ ಮಾವನ ಕೈ ಇರಲಿಲ್ಲ. ನೀರೇ ಅವಳನ್ನು ಹೊತ್ತಿತ್ತು.

ಮೊದಲ ದಿನವೇ ಮಾವ ಮಕ್ಕಳಿಗೆ ಒಂದು ಕಟ್ಟಳೆಯನ್ನು ವಿಧಿಸಿದ್ದನು: "ಯಾರಾದರೂ ಮುಳುಗುವುದನ್ನು ಕಂಡರೆ ಮೊದಲು ಕೂಗಿರಿ. ಹಗ್ಗವೋ ಬುರುಡೆಯೋ ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಕೋಲಿದ್ದರೆ ಚಾಚಿರಿ. ನೀವು ಮಾತ್ರ ಹಾರಬೇಡಿ." ಅಣ್ಣನಿಗೆ ಇದು ಹೇಡಿಗಳ ಮಾತಾಗಿ ತೋರಿತ್ತು.

ಹದಿನೈದನೆಯ ದಿನ ಆ ಮಾತಿಗೆ ಪರೀಕ್ಷೆ ಬಂದಿತು. ಮಾವ ಮೇಲಿನ ಮೆಟ್ಟಿಲಿನಲ್ಲಿ ಬೇರೊಬ್ಬ ಹುಡುಗನಿಗೆ ಬೆಂಡು ಕಟ್ಟುತ್ತಿದ್ದನು. ಬಾವಿಯ ನಡುವಿನಲ್ಲಿದ್ದ ತಂಗಿಯ ಬೆಂಡಿನ ಹುರಿ ಸಡಿಲಗೊಂಡು ಜಾರಿತು. ಅವಳು ಕಿರುಚಲಿಲ್ಲ. ಮುಳುಗುವವರು ಬಹುಮಟ್ಟಿಗೆ ಕಿರುಚುವುದಿಲ್ಲ. ಉಸಿರಿಗೆ ಹೋರಾಡುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲ. ಕಂಡವನು ಅಣ್ಣನೊಬ್ಬನೇ. ಹಾರಲೆಂದು ಅವನ ಕಾಲು ಮುಂದಾಯಿತು. ಮರುಕ್ಷಣವೇ ಅವನು "ಮಾವಾ!" ಎಂದು ಕೂಗಿ, ಹಗ್ಗದ ತುದಿಗೆ ಕಟ್ಟಿದ್ದ ಬುರುಡೆಯನ್ನು ಎಸೆದನು. ಅದು ತಂಗಿಯ ಕೈಗೆ ತಗುಲಿತು. ಮಾವ ಇಳಿದುಬರುವ ವೇಳೆಗೆ ಅವಳು ಮೆಟ್ಟಿಲನ್ನು ಹಿಡಿದು ಕೆಮ್ಮುತ್ತಿದ್ದಳು.

"ನಾನು ಹಾರಲಿಲ್ಲ ಮಾವ" ಎಂದು ಅಣ್ಣ ನಡುಗುತ್ತ ನುಡಿದನು. ಅಪರಾಧವನ್ನು ಒಪ್ಪಿಕೊಳ್ಳುವವನ ದನಿ ಅದು. ಮಾವ ಅವನ ತಲೆಯನ್ನು ಸವರಿ, "ಹಾರಿದ್ದರೆ ಇಬ್ಬರನ್ನೂ ಹುಡುಕಬೇಕಾಗುತ್ತಿತ್ತು ಮಗನೇ" ಎಂದನು.

ಇದು ಬರಿಯ ಸಮಾಧಾನದ ಮಾತಲ್ಲ. ನೀರಿಗೆ ಬಿದ್ದ ತಮ್ಮನನ್ನು ಉಳಿಸಲು ಹೋಗಿ ಅಕ್ಕನೂ, ತಂಗಿಯನ್ನು ಉಳಿಸಲು ಹೋಗಿ ಅಣ್ಣನೂ ಜೊತೆಯಲ್ಲಿಯೇ ತೀರಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಅಪ್ಪುತ್ತಾನೆ. ಅಪ್ಪಿದ್ದು ಒಡಹುಟ್ಟನ್ನೋ ಮರದ ತುಂಡನ್ನೋ ಎಂಬ ಅರಿವು ಆಗ ಅವನಿಗಿರದು. ಒಡಹುಟ್ಟಿದವರ ಪ್ರೀತಿ ಯೋಚಿಸದೆ ಧುಮುಕುವಂತಹುದು. ಆ ಪ್ರೀತಿಗೆ ವಿದ್ಯೆಯೂ ವಿವೇಕವೂ ಜೊತೆಯಾಗದಿದ್ದರೆ ಒಂದೇ ಮನೆಯ ಎರಡು ದೀಪಗಳು ಆರುತ್ತವೆ.

ಇಂದು ಬಯಲುಸೀಮೆಯ ತೆರೆದ ಬಾವಿಗಳಲ್ಲಿ ಅನೇಕವು ಬತ್ತಿವೆ. ಅವುಗಳ ಸ್ಥಾನಕ್ಕೆ ಕೊಳವೆಬಾವಿಗಳು ಬಂದಿವೆ. ಪಾಠಶಾಲೆ ಮುಚ್ಚಿದರೂ ಅಪಾಯ ಮುಚ್ಚಲಿಲ್ಲ. ಮಳೆನೀರನ್ನು ಹಿಡಿದಿಡಲು ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳು ರೈತನಿಗೆ ವರವೇ ಸರಿ. ಆದರೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿದ ಮಗುವಿಗೆ ಹತ್ತಿಬರಲು ಮೆಟ್ಟಿಲಿಲ್ಲ. ಬೇಲಿಯೊಂದು, ದಡದಲ್ಲಿ ಕಟ್ಟಿದ ಹಗ್ಗವೊಂದು ಅಲ್ಲಿ ಪ್ರಾಣರಕ್ಷಕವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಮಂದಿ. ಅವರಲ್ಲಿ ಸುಮಾರು ಕಾಲುಭಾಗ 5 ವರ್ಷ ತುಂಬದ ಮಕ್ಕಳು. ಶಾಲೆಗೆ ಹೋಗುವ ಮಕ್ಕಳಿಗೆ ಈಜನ್ನೂ ನೀರಿನ ಬಳಿಯ ಎಚ್ಚರವನ್ನೂ ಕಲಿಸಬೇಕೆಂದು ಆ ಸಂಸ್ಥೆ ಸಲಹೆ ನೀಡಿದೆ. ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಈ ದುರಂತಗಳನ್ನು ತಡೆಯುವ ದಿನವೆಂದು ಘೋಷಿಸಿತು.

ಹೆಣ್ಣುಮಗುವಿಗೆ ಈಜೇಕೆ ಎಂಬ ಪ್ರಶ್ನೆಗೆ ಕಲ್ಕತ್ತೆಯ ಆರತಿ ಸಾಹಾ ಎಂದೋ ಉತ್ತರ ಕೊಟ್ಟಿದ್ದಾರೆ. 1959ರ ಆಗಸ್ಟಿನಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಲು ಹೊರಟು ವಿಫಲರಾದ ಅವರು ಸೆಪ್ಟೆಂಬರ್ 29ರಂದು ಮತ್ತೆ ನೀರಿಗಿಳಿದು, ಅದನ್ನು ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ಆಗ ಅವರಿಗೆ 19 ವರ್ಷ.

ಎಲ್ಲ ಮಕ್ಕಳೂ ಕಡಲನ್ನು ದಾಟಬೇಕಾಗಿಲ್ಲ. ತಾನು ತೇಲಿ ದಡ ಸೇರುವಷ್ಟು ವಿದ್ಯೆ, ಇನ್ನೊಬ್ಬರನ್ನು ದಡಕ್ಕೆ ಎಳೆಯುವಷ್ಟು ವಿವೇಕ ಇದ್ದರೆ ಸಾಕು. ಈಜು ಬಲ್ಲವನಿಗೂ ನೀರಿನ ಮುಂದೆ ವಿನಯವಿರಬೇಕು. ಧೈರ್ಯವೆಂದರೆ ಹಾರುವುದಷ್ಟೇ ಅಲ್ಲ. ಹಾರಬಾರದಾಗ ಕಾಲನ್ನು ಹಿಡಿದು ನಿಲ್ಲಿಸಿ, ಕೈಯಿಂದ ಹಗ್ಗವನ್ನು ಎಸೆಯುವುದೂ ಧೈರ್ಯವೇ.